ಕಪ್ ನಮ್ದು, ಸರಿ, ತಂಡ ಯಾರದ್ದು?

2025ರ ಜೂನ್ 3ರ ರಾತ್ರಿ ವಿಜಯನಗರದಲ್ಲಿ ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ. ಅಹಮದಾಬಾದಿನಲ್ಲಿ ಪಂಜಾಬ್ ಆರು ರನ್ನಿಗೆ ಸೋತದ್ದೇ ತಡ, ಮಾರುತಿ ಮಂದಿರದ ಕಡೆಯಿಂದ ಪಟಾಕಿ ಶುರುವಾಯಿತು. ಬೈಕುಗಳ ಸೈಲೆನ್ಸರ್ ಬಿಚ್ಚಿಟ್ಟುಕೊಂಡು ಹುಡುಗರು ಅತ್ತಿಗುಪ್ಪೆಯ ಕಡೆ ಹೋದರು, ಬಂದರು, ಮತ್ತೆ ಹೋದರು. ನಾನೂ ಗೇಟಿನ ಹೊರಗೆ ನಿಂತು ಕೂಗಿದೆ. ಹದಿನೆಂಟು ವರ್ಷ ಕೂಗಿ ಕೂಗಿ, ಊರವರಿಂದ ನಗಿಸಿಕೊಂಡು, ಮೀಮುಗಳಾಗಿ ಸವೆದುಹೋಗಿದ್ದ ಆ ನಾಲ್ಕು ಪದಗಳನ್ನು ಕೊನೆಗೂ ನಾಚಿಕೆಯಿಲ್ಲದೆ ಕೂಗಿದೆ: ಈ ಸಲ ಕಪ್ ನಮ್ದು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ‘ಇವರಿಗೆ ಕ್ರಿಕೆಟ್ ಗೊತ್ತಿಲ್ಲ, ಕೂತಲ್ಲೇ ಕೂತು ಥಿಯರಿ ಹೊಡೀತಾರೆ’ ಎಂದು ಯಾರೂ ಅನ್ನಬಾರದು. ನನ್ನ ಹತ್ತಿರ ಕೆಂಪು ಜೆರ್ಸಿ ಇದೆ. 2016ರ ಫೈನಲ್ಲಿನಲ್ಲಿ ಎಂಟು ರನ್ನಿಗೆ ಸೋತ ರಾತ್ರಿ ಊಟ ಬಿಟ್ಟಿದ್ದೇನೆ.

ಆ ರಾತ್ರಿ ಫೋನಿನಲ್ಲಿ ಸಿಕ್ಕವರು ರಾಜಾಜಿನಗರದ ನಮ್ಮ ದೊಡ್ಡಪ್ಪ. ಎಪ್ಪತ್ತರ ಆಸುಪಾಸಿನ ಮನುಷ್ಯ, ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರ ಗಂಟಲೂ ಕಟ್ಟಿತ್ತು. "ಕೊಹ್ಲಿ ಅತ್ತ ಕಣೋ, ನಂಗೂ ನೀರು ಬಂತು" ಅಂದರು. ಆಮೇಲೆ ಯಾವಾಗಲೂ ಹೇಳುವ ಮಾತನ್ನೇ ಹೇಳಿದರು: "ಆದ್ರೆ ನಾವು ಬಾಂಬೇನ ಹೊಡೆದಾಗಿನ್ ಖುಷಿ ಬೇರೆ."

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅವತ್ತು ಮಾತ್ರ ಅದರ ವ್ಯಾಕರಣ ಕಿವಿಗೆ ಬಿತ್ತು. ದೊಡ್ಡಪ್ಪ ‘ನಾವು’ ಅನ್ನುತ್ತಾರೆ. ನಾನು ‘ನಮ್ದು’ ಅನ್ನುತ್ತೇನೆ. ‘ನಾವು ಹೊಡೆದೆವು’ ಎಂಬುದರಲ್ಲಿ ಕರ್ತೃ ನಾವೇ. ‘ನಮ್ದು’ ಎಂಬುದರಲ್ಲಿ ನಾವು ಏನೂ ಮಾಡಿಲ್ಲ, ನಮ್ಮ ಹತ್ತಿರ ಏನೋ ಇದೆ, ಅಷ್ಟೆ. ಸೈಟು ನಮ್ದು, ಸ್ಕೂಟರ್ ನಮ್ದು, ಕಪ್ ನಮ್ದು. ಷಷ್ಠಿ ವಿಭಕ್ತಿಯಲ್ಲಿ ಮಾತಾಡುವವನು ಒಂದಲ್ಲ ಒಂದು ದಿನ ಪತ್ರ ತೋರಿಸಬೇಕಾಗುತ್ತದೆ. ನಮ್ಮ ಹತ್ತಿರ ಪತ್ರ ಇಲ್ಲ. ಪತ್ರ ಯಾರ ಹೆಸರಿನಲ್ಲಿತ್ತು, ಅವರು ಹೇಗಿದ್ದರು, ನಮ್ಮ ಪ್ರೀತಿಯನ್ನು ಏನು ಮಾಡಿದರು ಎಂಬುದೇ ಈ ಬರಹದ ಜಗಳ.

ದೊಡ್ಡಪ್ಪ ಹೇಳುವುದು 1974ರ ಮಾರ್ಚಿನ ರಣಜಿ ಸೆಮಿಫೈನಲ್. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಇನ್ನೂ ಐದು ತಿಂಗಳಾಗಿರಲಿಲ್ಲ. ಅದುವರೆಗೆ ‘ಮೈಸೂರು’ ಎಂದು ಆಡಿ ರಣಜಿ ಟ್ರೋಫಿಯನ್ನು ಒಮ್ಮೆಯೂ ಗೆಲ್ಲದ ತಂಡ. ಎದುರಿಗೆ ಹದಿನೈದು ವರ್ಷ ಸತತವಾಗಿ ಟ್ರೋಫಿ ಇಟ್ಟುಕೊಂಡಿದ್ದ ಬಾಂಬೆ. ಗಾವಸ್ಕರ್, ವಾಡೇಕರ್ ಇದ್ದ ಬಾಂಬೆ. ಭದ್ರಾವತಿಯ ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ನಾಯಕ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ ಚೆಂಡಿನ ಬಗ್ಗೆ ದೊಡ್ಡಪ್ಪ ಇವತ್ತಿಗೂ ಕೈ ತಿರುಗಿಸಿ ತೋರಿಸುತ್ತಾರೆ. ವಾಡೇಕರ್ ಜಾರಿ ಬಿದ್ದು ರನ್ ಔಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ಲಿಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. ಸೆಮಿಫೈನಲ್ ನಡೆದದ್ದು ಇನ್ನೂ ಕಟ್ಟಿ ಮುಗಿಯದ, ಆಮೇಲೆ ಚಿನ್ನಸ್ವಾಮಿ ಅನ್ನಿಸಿಕೊಂಡ ಕ್ರೀಡಾಂಗಣದಲ್ಲಿ. ದೊಡ್ಡಪ್ಪ ಬಸ್ಸಿನಲ್ಲಿ ಹೋಗಿ ನೋಡಿ ಬಂದಿದ್ದರು.

ಆ ತಂಡಕ್ಕೆ ಮಾಲೀಕ ಇರಲಿಲ್ಲ. ಆಡುವವರಲ್ಲಿ ಹಲವರು ಬೆಳಿಗ್ಗೆ ಬ್ಯಾಂಕಿಗೋ ಕಾರ್ಖಾನೆಗೋ ಹೋಗಿ ಸಂಜೆ ನೆಟ್ಸಿಗೆ ಬರುವವರು. ಪ್ರಸನ್ನ ಎಂಜಿನಿಯರಿಂಗ್ ಮುಗಿಸಲೆಂದು ಕ್ರಿಕೆಟ್ಟಿನಿಂದ ವರ್ಷಗಟ್ಟಲೆ ದೂರವಿದ್ದವರು. ಚಂದ್ರಶೇಖರ್ ಪೋಲಿಯೋದಿಂದ ಸೊರಗಿದ ಕೈಯಲ್ಲೇ ಜಗತ್ತಿನ ಬ್ಯಾಟುಗಳನ್ನು ನಡುಗಿಸಿದವರು. ಇವರನ್ನು ಯಾರೂ ಕೊಂಡಿರಲಿಲ್ಲ, ಹಾಗಾಗಿ ಯಾರೂ ಮಾರುವಂತೆಯೂ ಇರಲಿಲ್ಲ.

2008ರ ಜನವರಿಯಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಬೆಂಗಳೂರನ್ನು ಕೊಂಡರು. ಹೌದು, ಬೆಂಗಳೂರನ್ನೇ, ಆಗ ಇನ್ನೂ ಆಟಗಾರರೇ ಇರಲಿಲ್ಲ, ಮಾರಾಟಕ್ಕಿದ್ದದ್ದು ಊರಿನ ಹೆಸರು. ಮುಂಬೈ ಬಿಟ್ಟರೆ ಅತಿ ದುಬಾರಿ ನಮ್ಮದೇ ಎಂದು ನಾವು ಬೀಗಿದೆವು. ಆ ಹೆಸರಿನ ಹಿಂದಕ್ಕೆ ಅವರು ತಮ್ಮ ವಿಸ್ಕಿಯ ಹೆಸರನ್ನು ಅಂಟಿಸಿದರು. ಟೀವಿಯಲ್ಲಿ ಹೆಂಡದ ಜಾಹೀರಾತು ನಿಷಿದ್ಧ. ಆದರೆ ಒಂದು ಕ್ರಿಕೆಟ್ ತಂಡದ ಹೆಸರನ್ನು ಮಕ್ಕಳು ದಿನಕ್ಕೆ ನೂರು ಸಲ ಕೂಗಿದರೆ ತಡೆಯುವವರು ಯಾರು? ನಾನಾಗ ಹೈಸ್ಕೂಲು ಮೆಟ್ಟಿಲು ಹತ್ತುತ್ತಿದ್ದ ವಯಸ್ಸು. ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಆ ಲಾಂಛನ ಬಿಡಿಸಿದ್ದೆ. ಅದೊಂದು ಬಾಟಲಿಯ ಲೇಬಲ್ಲಿನ ಸಂಬಂಧಿ ಎಂದು ಗೊತ್ತಾದದ್ದು ಎಷ್ಟೋ ವರ್ಷದ ನಂತರ.

ಮಲ್ಯ ಅವರಿಗೆ ಹರಾಜು ಎಂದರೆ ಪ್ರೀತಿ. ಟಿಪ್ಪುವಿನದು ಎನ್ನಲಾದ ಖಡ್ಗವನ್ನು ಲಂಡನ್ನಿನ ಹರಾಜಿನಲ್ಲಿ ಕೊಂಡರು. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿಗಳನ್ನು 18 ಲಕ್ಷ ಡಾಲರಿಗೆ ಹಿಡಿದರು. ಗಾಂಧಿಯ ಚಪ್ಪಲಿ ಮದ್ಯದ ದೊರೆಯ ದುಡ್ಡಿನಲ್ಲಿ ಊರಿಗೆ ಮರಳುವ ಪ್ರಸಂಗವನ್ನು ಯಾವ ಕಾದಂಬರಿಕಾರ ಬರೆದಿದ್ದರೂ ನಾವು ‘ಅತಿಯಾಯಿತು’ ಎನ್ನುತ್ತಿದ್ದೆವು. ಜೊತೆಗೆ ಫಾರ್ಮುಲಾ ಒನ್ ತಂಡ, ವಿಮಾನ ಸಂಸ್ಥೆ, ಕ್ಯಾಲೆಂಡರು, ಕರ್ನಾಟಕದಿಂದಲೇ ರಾಜ್ಯಸಭೆಯ ಸೀಟು ಎರಡು ಸಲ. ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತು. ಐಟಿಯಿಂದ ದುಡ್ಡು ಮಾಡಿಯೂ ಇಡ್ಲಿ ತಿಂದುಕೊಂಡು ಸರಳವಾಗಿ ಕಾಣುವವರ ಊರಿಗೆ, ದುಡ್ಡನ್ನು ಮೈಮೇಲೆ ಹಾಕಿಕೊಂಡು ಕುಣಿಯುವ ಒಬ್ಬ ಬೇಕಿತ್ತೇನೋ.

ಆಟ? ಅದು ಏಪ್ರಿಲ್ 18ರಂದೇ ತಿಳಿಯಿತು. ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿಯಲ್ಲೇ. ಅಮೆರಿಕದಿಂದ ಚಿಯರ್‌ಲೀಡರುಗಳು ಬಂದಿದ್ದರು. ಕೋಲ್ಕತ್ತಾದ ಮೆಕಲಮ್ ಒಬ್ಬರೇ 158 ಹೊಡೆದರು. ನಾವು ಎಲ್ಲರೂ ಸೇರಿ 82. ಆ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಋತು ಇನ್ನೂ ಮುಗಿದಿರಲಿಲ್ಲ, ಸಿಇಒ ಚಾರು ಶರ್ಮಾ ಹೊರಗೆ ಹೋದರು. ವೈಯಕ್ತಿಕ ಕಾರಣ ಎಂದಿತು ತಂಡದ ಹೇಳಿಕೆ. ನನ್ನನ್ನು ತೆಗೆದುಹಾಕಿದರು ಎಂದರು ಅವರು. ತಂಡ ಆರಿಸಿದ ರೀತಿಗಾಗಿ ಚಾರು ಶರ್ಮಾ ಜೊತೆಗೆ ನಾಯಕ ದ್ರಾವಿಡರನ್ನೂ ಮಾಲೀಕರು ಬಹಿರಂಗವಾಗಿಯೇ ದೂರಿದರು. ದ್ರಾವಿಡ್! ಈ ಊರು ಯಾರ ಹೆಸರೆತ್ತಿದರೆ ದನಿ ತಗ್ಗಿಸುತ್ತದೋ ಆ ದ್ರಾವಿಡರನ್ನು. ಆಗ ನಾವು ಮಾಲೀಕರ ಮೇಲೆ ಸಿಟ್ಟಾಗಲಿಲ್ಲ. ‘ಅವರ ದುಡ್ಡು, ಅವರ ತಂಡ’ ಎಂದೆವು. ಗಮನಿಸಿ, ಆಗ ‘ನಮ್ದು’ ಎಂಬ ಪದ ನಮ್ಮ ಬಾಯಿಗೆ ಬರಲಿಲ್ಲ.

ಇಂಥ ಮಾಲೀಕರು ನಮ್ಮಲ್ಲೇ ಮೊದಲು ಹುಟ್ಟಿದವರಲ್ಲ. ಅಮೆರಿಕದ ಬೇಸ್‌ಬಾಲಿನಲ್ಲಿ ಚಾರ್ಲಿ ಫಿನ್ಲಿ ಎಂಬೊಬ್ಬರಿದ್ದರು. ವಿಮೆ ಮಾರಿ ದುಡ್ಡು ಮಾಡಿದವರು. ಕ್ಯಾನ್ಸಸ್ ಸಿಟಿಯ ತಂಡವನ್ನು ಕೊಂಡು, 1968ರಲ್ಲಿ ಅದನ್ನು ಓಕ್ಲೆಂಡಿಗೆ ಎತ್ತಿಕೊಂಡು ಹೋದರು. ತಮ್ಮದೇ ಹೆಸರಿಟ್ಟ ಹೇಸರಗತ್ತೆಯನ್ನು ಮೈದಾನದಲ್ಲಿ ಮೆರೆಸಿದರು. ಮೀಸೆ ಬಿಟ್ಟವರಿಗೆ ತಲಾ 300 ಡಾಲರ್ ಎಂದು ಆಟಗಾರರಿಗೆಲ್ಲ ಮೀಸೆ ಬರಿಸಿದರು. ಆ ತಂಡ 1972, 73, 74, ಮೂರು ವರ್ಷವೂ ವರ್ಲ್ಡ್ ಸೀರೀಸ್ ಗೆದ್ದಿತು. ಆ ವೈಭವದ ನಡುವೆಯೇ, 1973ರ ಸರಣಿಯಲ್ಲಿ ಮೈಕ್ ಆಂಡ್ರ್ಯೂಸ್ ಎಂಬ ಆಟಗಾರ ಎರಡು ತಪ್ಪು ಮಾಡಿದ್ದಕ್ಕೆ, ಆತನ ಭುಜಕ್ಕೆ ಪೆಟ್ಟಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಿಸಿ ಮನೆಗೆ ಕಳಿಸಿದರು ಫಿನ್ಲಿ. ನಮ್ಮ ಸಿಇಒಗೆ ‘ವೈಯಕ್ತಿಕ ಕಾರಣ’, ಅಲ್ಲಿ ‘ಭುಜದ ನೋವು’. ವ್ಯತ್ಯಾಸ ಇರುವುದು ಮುಂದೆ: ಅಲ್ಲಿ ಸಹ ಆಟಗಾರರು ಆಂಡ್ರ್ಯೂಸರ ನಂಬರನ್ನು ತಮ್ಮ ಅಂಗಿಗೆ ಅಂಟಿಸಿಕೊಂಡು ಮೈದಾನಕ್ಕೆ ಬಂದರು, ಕಮಿಷನರ್ ಮಧ್ಯೆ ಬಂದು ಆತನನ್ನು ವಾಪಸು ಕರೆಸಿದರು, ಸರಣಿ ಗೆದ್ದ ಮೇಲೆ ಮ್ಯಾನೇಜರ್ ರಾಜೀನಾಮೆ ಬಿಸಾಕಿ ಹೋದರು. ಮರುವರ್ಷ ಒಪ್ಪಂದದ ಹಣ ಕಟ್ಟದೆ ತಪ್ಪಿಸಿಕೊಂಡದ್ದಕ್ಕೆ ತಮ್ಮ ಅತ್ಯುತ್ತಮ ಪಿಚರ್ ಹಂಟರನ್ನು ಫಿನ್ಲಿ ಕಳೆದುಕೊಂಡರು. ಓಕ್ಲೆಂಡಿನ ಜನ ಆದರೂ ಐದು ದಶಕ ಆ ತಂಡವನ್ನು ನಮ್ಮದು ಎಂದೇ ತಿಳಿದಿದ್ದರು. 2024ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಮಾಲೀಕ ಅದನ್ನು ಆ ಊರಿನಿಂದಲೂ ಎತ್ತಿಕೊಂಡು ಹೋದರು. ಜನ ಕ್ರೀಡಾಂಗಣದ ಮಣ್ಣು ತುಂಬಿಕೊಂಡು ಮನೆಗೆ ಹೋದರಂತೆ.

ಫಿನ್ಲಿ ಕೊನೆಪಕ್ಷ ಗೆಲ್ಲಿಸಿದರು. ಮಲ್ಯ ಕಾಲದಲ್ಲಿ ನಮಗೆ ಸಿಕ್ಕಿದ್ದು 2009, 2011ರ ಎರಡು ಸೋತ ಫೈನಲ್ಲುಗಳು. ಮೂರನೆಯದು, 2016ರ ಮೇ ತಿಂಗಳಲ್ಲಿ, ಅವರು ದೇಶ ಬಿಟ್ಟು ಮೂರು ತಿಂಗಳಾಗುವ ಹೊತ್ತಿಗೆ. ಹಾಗಾದರೆ ‘ವೈಭವದ ದಿನಗಳು’ ಎಂದು ನಾವು ಕರೆಯುವುದು ಯಾವುದನ್ನು? ಗೇಲ್ 175 ಹೊಡೆದ ಸಂಜೆಯನ್ನು? ಅದು ವೈಭವವೇ, ನಾನು ಇಲ್ಲವೆನ್ನುವುದಿಲ್ಲ.

ಆದರೆ ಅದೇ ದಿನಗಳಲ್ಲಿ ನಿಜವಾದ ವೈಭವ ಬೇರೆಲ್ಲೋ ನಡೆಯುತ್ತಿತ್ತು, ನಾವು ಅತ್ತ ತಿರುಗಿಯೂ ನೋಡಲಿಲ್ಲ. 2014ರ ಫೆಬ್ರವರಿ 2ರಂದು ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಹದಿನೈದು ವರ್ಷದ ನಂತರ ರಣಜಿ ಟ್ರೋಫಿ ಎತ್ತಿತು. ನಾಯಕ ದಾವಣಗೆರೆಯ ಆಟೋ ಚಾಲಕರ ಮಗ ವಿನಯ್ ಕುಮಾರ್. ಆ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ, ಮೂರೂ ನಮ್ಮವರಿಗೆ. ಮರುವರ್ಷವೂ ಮೂರಕ್ಕೆ ಮೂರು. ವಾಂಖೆಡೆಯ ಫೈನಲ್ಲಿನಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328, ರಾಹುಲ್ 188, ವಿನಯ್ ಐದು ವಿಕೆಟ್ಟಿನ ಜೊತೆಗೆ ಒಂದು ಶತಕ. ಗೆಲುವು ಇನಿಂಗ್ಸ್ ಮತ್ತು 217 ರನ್ನಿನಿಂದ. ಇದಕ್ಕಿಂತ ದೊಡ್ಡ ತಂಡ ಆ ಎರಡು ವರ್ಷ ದೇಶದಲ್ಲೇ ಇರಲಿಲ್ಲ. ಮಾರುತಿ ಮಂದಿರದ ಹತ್ತಿರ ಪಟಾಕಿ ಹೊಡೆದದ್ದು ನೆನಪಿದೆಯೇ? ನನಗಂತೂ ಇಲ್ಲ. ನಾನೂ ಹೊಡೆದಿಲ್ಲ.

ಹೈದರಾಬಾದಿನ ಫೈನಲ್ ಮುಗಿದ ಹತ್ತೇ ದಿನಕ್ಕೆ ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಹರಾಜು ನಡೆಯಿತು. ಮಲ್ಯ 14 ಕೋಟಿಗೆ ಯುವರಾಜ್ ಸಿಂಗರನ್ನು ಕೊಂಡರು. ಹಿಂದಿನ ವರ್ಷ ಆರ್‌ಸಿಬಿಯಲ್ಲೇ ಇದ್ದ ರಾಹುಲ್ ಹೈದರಾಬಾದಿಗೆ ಹೋದರು, ಕರುಣ್ ರಾಜಸ್ಥಾನಕ್ಕೆ, ರಣಜಿ ಗೆದ್ದ ನಾಯಕ ವಿನಯ್ ಕೋಲ್ಕತ್ತಾಗೆ. ರಾಬಿನ್ ಉತ್ತಪ್ಪ, ಮನೀಶ್ ಪಾಂಡೆ ಕೂಡ ಕೋಲ್ಕತ್ತಾಗೆ. ಐಪಿಎಲ್ಲಿನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಈ ಮನೀಶ್. 2009ರಲ್ಲಿ, ಆರ್‌ಸಿಬಿ ಅಂಗಿಯಲ್ಲೇ. ಆ ವರ್ಷದ ಐಪಿಎಲ್ ಫೈನಲ್ ನಡೆದದ್ದು ನಮ್ಮ ಚಿನ್ನಸ್ವಾಮಿಯಲ್ಲಿ. ಅಲ್ಲಿ 94 ಹೊಡೆದು ಕಪ್ ಗೆಲ್ಲಿಸಿಕೊಟ್ಟವರು ಮನೀಶ್ ಪಾಂಡೆ. ಋತುವಿನಲ್ಲಿ ಅತಿ ಹೆಚ್ಚು ರನ್ ಉತ್ತಪ್ಪನವರದು. ಬೆಂಗಳೂರಿನ ಮೈದಾನದಲ್ಲಿ, ಕರ್ನಾಟಕದ ಹುಡುಗರ ಕೈಯಿಂದ, ಕೋಲ್ಕತ್ತಾ ಕಪ್ ಎತ್ತಿತು. ನಮ್ಮ ಹೆಸರಿನ ತಂಡ ಆ ವರ್ಷವೂ ಏಳನೇ ಸ್ಥಾನದಲ್ಲಿತ್ತು. ಅದೇ ಹೊತ್ತಿಗೆ 2012ರಲ್ಲಿ ನೆಲಕ್ಕಿಳಿದ ಕಿಂಗ್‌ಫಿಷರ್ ಏರ್‌ಲೈನ್ಸಿನ ನೌಕರರ ಸಂಬಳ ಬಾಕಿ ಹಾಗೇ ಇತ್ತು, ಬ್ಯಾಂಕುಗಳ ಸಾವಿರಾರು ಕೋಟಿಯೂ.

ಇಲ್ಲಿ ಒಬ್ಬರಾದರೂ ಎದ್ದು ನಿಂತು, ‘ಹೊರಗಿನವರು ಆಡಬಾರದು ಅಂತೀರಾ?’ ಎಂದು ಕೇಳುತ್ತಾರೆ. ಇಲ್ಲ. ದೆಹಲಿಯ ಕೊಹ್ಲಿಯನ್ನು, ಪ್ರಿಟೋರಿಯಾದ ಎಬಿಯನ್ನು ಈ ಊರು ಮನೆಮಗನ ಹಾಗೆ ಕಂಡಿದೆ. ಅದು ಊರಿನ ದೊಡ್ಡತನ. 2025ರ ಫೈನಲ್ಲಿನ ಹನ್ನೊಂದು ಜನರಲ್ಲಿ ಕರ್ನಾಟಕದವರು ಮಯಾಂಕ್ ಅಗರ್ವಾಲ್ ಒಬ್ಬರೇ, ಅದೂ ದೇವದತ್ತ ಪಡಿಕ್ಕಲ್ ಗಾಯಗೊಂಡು ಹೊರಗುಳಿದ ಮೇಲೆ ಬಂದವರು. ಅದಕ್ಕಾಗಿ ನಾನು ಅಳುತ್ತಾ ಕೂತಿಲ್ಲ. ನನ್ನ ಆಕ್ಷೇಪ ಬೇರೆ: ಊರಿನ ಹೆಸರನ್ನು ಬಾಡಿಗೆಗೆ ಪಡೆದವರು ಊರಿಗೆ ಏನು ಕೊಡಬೇಕು ಎಂಬ ಕರಾರು ಎಲ್ಲೂ ಇಲ್ಲ. ಹೆಸರನ್ನು ಸರಿಯಾಗಿ ಬರೆಯಬೇಕು ಎಂಬ ಕರಾರೂ ಇರಲಿಲ್ಲ. 2014ರ ನವೆಂಬರ್ 1ಕ್ಕೆ ಊರು ಅಧಿಕೃತವಾಗಿ ಬೆಂಗಳೂರು ಆಯಿತು. ತಂಡದ ‘ಬ್ಯಾಂಗಲೋರ್’ ಬೆಂಗಳೂರಾದದ್ದು 2024ರ ಮಾರ್ಚಿನಲ್ಲಿ. ಆಗಲೂ ಅದನ್ನೊಂದು ಜಾಹೀರಾತು ಚಿತ್ರ ಮಾಡಿ, ಕೋಣಗಳನ್ನು ತಂದು, ನಮ್ಮ ಕೈಯಿಂದಲೇ ಚಪ್ಪಾಳೆ ಹೊಡೆಸಿಕೊಂಡರು.

ಇನ್ನೊಬ್ಬರು ಕೇಳಬಹುದು: ಮಲ್ಯ ಹೋಗಿ ಹತ್ತು ವರ್ಷವಾಗುತ್ತ ಬಂತು, ಆಮೇಲೆ ತಂಡ ಬಹುರಾಷ್ಟ್ರೀಯ ಕಂಪನಿಯದಾಯಿತು, ಹಳೇ ಹೆಣ ಯಾಕೆ ಎತ್ತುತ್ತೀರಿ? ಹೋದದ್ದು ಮನುಷ್ಯ. ಆತ ಕಲಿಸಿಕೊಟ್ಟ ಪದ್ಧತಿ ಹೋಗಿಲ್ಲ. ದರ್ಬಾರು ಮಾಡುವುದು ಮಾಲೀಕ, ಕೂಗುವುದು ಪ್ರಜೆ, ಲೆಕ್ಕ ಕೇಳುವುದು ಯಾರೂ ಇಲ್ಲ. ಅದು ಎಷ್ಟು ಆಳಕ್ಕೆ ಇಳಿದಿತ್ತೆಂದು ಜೂನ್ 4ರಂದು ಗೊತ್ತಾಯಿತು.

ಕಪ್ ಗೆದ್ದು ಇನ್ನೂ ಒಂದು ಹಗಲು ಕಳೆದಿರಲಿಲ್ಲ. ವಿಜಯ ಮೆರವಣಿಗೆ ಎಂದು ತಂಡವೇ ಸಾಮಾಜಿಕ ಜಾಲತಾಣದಲ್ಲಿ ಕರೆದಿತ್ತು. ನಮ್ಮ ಬೀದಿಯ ಹುಡುಗನೊಬ್ಬ ಮಧ್ಯಾಹ್ನವೇ ಜೆರ್ಸಿ ಹಾಕಿಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಿದ. ನೇರಳೆ ಮಾರ್ಗ, ನೇರ ಕಬ್ಬನ್ ಪಾರ್ಕಿಗೆ. ಕೆಂಗೇರಿಯಿಂದ, ಜ್ಞಾನಭಾರತಿಯಿಂದ, ನಾಯಂಡಹಳ್ಳಿಯಿಂದ ಬಂದ ರೈಲುಗಳೆಲ್ಲ ಆಗಲೇ ಕೆಂಪಾಗಿದ್ದವು. ಸಂಜೆ ಹೊತ್ತಿಗೆ ರೈಲುಗಳು ಆ ನಿಲ್ದಾಣದಲ್ಲಿ ನಿಲ್ಲುವುದನ್ನು ಬಿಟ್ಟವು. ಕ್ರೀಡಾಂಗಣದ ಗೇಟುಗಳ ಮುಂದಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತಿದ್ದರು. ಎಲ್ಲರೂ ಎಳೆಯರು, ಒಬ್ಬಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಹೊರಗೆ ಹೆಣ ಬಿದ್ದಿದ್ದಾಗ ಒಳಗೆ ಸನ್ಮಾನ ನಡೆಯಿತು. ನಮ್ಮ ಹುಡುಗ ರಾತ್ರಿ ಬರಿಗಾಲಿನಲ್ಲಿ ಮನೆಗೆ ಬಂದ. ಅವರಮ್ಮ ಬೈಯಲಿಲ್ಲ, ಕಾಲಿಗೆ ನೀರು ಹಾಕಿದರು.

ಮರುದಿನದಿಂದ ನಡೆದದ್ದು ಷಷ್ಠಿ ವಿಭಕ್ತಿಯ ಸಾವು. ಸರ್ಕಾರ ತಂಡದ ಕಡೆ ಬೆರಳು ತೋರಿಸಿತು, ತಂಡ ಸಂಸ್ಥೆಯ ಕಡೆ, ಸಂಸ್ಥೆ ಸರ್ಕಾರದ ಕಡೆ. ಪೊಲೀಸ್ ಕಮಿಷನರ್ ಅಮಾನತಾದರು, ತಂಡದ ಮಾರುಕಟ್ಟೆ ವಿಭಾಗದ ಮುಖ್ಯಸ್ಥರ ಬಂಧನವಾಯಿತು, ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ರಾಜೀನಾಮೆ ಕೊಟ್ಟರು. ಕಪ್ಪಿನ ವಿಷಯದಲ್ಲಿ ಎಲ್ಲರೂ ‘ನಮ್ದು’ ಎಂದವರೇ. ತಪ್ಪಿನ ವಿಷಯದಲ್ಲಿ ‘ನಮ್ದಲ್ಲ’. ತಂಡ ಮೊದಲು ತಲಾ ಹತ್ತು ಲಕ್ಷ ಎಂದಿತು. ನಂತರ ಅದರ ಜಾಲತಾಣದ ಪುಟಗಳು ಸುಮಾರು ಮೂರು ತಿಂಗಳು ಮೌನವಾದವು. ಆಗಸ್ಟ್ ಕೊನೆಗೆ ತಲಾ 25 ಲಕ್ಷ ಎಂಬ ಘೋಷಣೆ ಬಂತು.

ಹನ್ನೊಂದು ಜನ ಸತ್ತ ಮರುದಿನ, ಜೂನ್ 5ರಂದೇ, ಮಲ್ಯ ಒಂದು ಪಾಡ್‌ಕಾಸ್ಟಿನಲ್ಲಿ ಪ್ರತ್ಯಕ್ಷರಾದರು. ನಾಲ್ಕು ಗಂಟೆಯಷ್ಟು ಮಾತು. ಕಾನೂನಿನ ಕಣ್ಣಲ್ಲಿ 2019ರಿಂದ ಅವರು ಪರಾರಿಯಾದ ಆರ್ಥಿಕ ಅಪರಾಧಿ. ವಿಮಾನ ಸಂಸ್ಥೆಯ ನೌಕರರ ಕ್ಷಮೆ ಕೇಳಿದರು. ತಂಡ ಕಟ್ಟಿದ ಕಥೆ, ಕೊಹ್ಲಿಯನ್ನು ಆರಿಸಿದ ಕಥೆ ಹೇಳಿದರು. ರೆಕಾರ್ಡಿಂಗ್ ಮೊದಲೇ ಆಗಿದ್ದಿರಬಹುದು, ಆ ದಿನವೇ ಬಂದದ್ದು ಕಾಕತಾಳೀಯವಿರಬಹುದು. ನನ್ನನ್ನು ಕಂಗೆಡಿಸಿದ್ದು ಅದಲ್ಲ. ಅದರ ಕೆಳಗೆ ಮತ್ತು ನನ್ನ ವಾಟ್ಸಾಪ್ ಗುಂಪುಗಳಲ್ಲಿ ನಮ್ಮವರೇ ಬರೆದದ್ದು. ‘ಕಿಂಗ್’ ಅಂತೆ, ‘ನಿಜವಾದ ಮಾಲೀಕ’ ಅಂತೆ, ‘ಕಪ್ ನೋಡೋಕೆ ಬಾಸ್ ಇಲ್ಲಿರಬೇಕಿತ್ತು’ ಅಂತೆ. ಅದರಲ್ಲಿ ನನ್ನ ಜೊತೆ ಓದುವವರೂ ಇದ್ದರು, ಹಗಲೆಲ್ಲ ಊಳಿಗಮಾನ್ಯದ ಬಗ್ಗೆ ಪ್ರಬಂಧ ಮಂಡಿಸುವವರು.

ರಣಜಿ ಕಾಲ ಸತ್ಯಯುಗ ಎಂದು ನಾನು ಹೇಳುತ್ತಿಲ್ಲ. ಕ್ರಿಕೆಟ್ ಸಂಸ್ಥೆಯೂ ಊರಿನ ಜನರದಲ್ಲ, ಸದಸ್ಯರದು. ಅಲ್ಲಿಯ ರಾಜಕೀಯ ಎಲ್ಲರಿಗೂ ಗೊತ್ತು. ಐಪಿಎಲ್ಲಿನ ದುಡ್ಡಿನಿಂದ ಎಷ್ಟೋ ಹುಡುಗರ ಮನೆಗೆ ತಾರಸಿ ಬಂದಿದೆ, ಅದು ಸಣ್ಣ ಮಾತಲ್ಲ. 2024ರಲ್ಲಿ ಹೆಣ್ಣುಮಕ್ಕಳ ತಂಡ ಕಪ್ ಗೆದ್ದಾಗ ಫೈನಲ್ಲಿನಲ್ಲಿ ನಾಲ್ಕು ವಿಕೆಟ್ ಕಿತ್ತವರು ನಮ್ಮ ಶ್ರೇಯಾಂಕಾ ಪಾಟೀಲ್. ಅಂಥ ಬೆಳಕು ಆ ಹಣವಿಲ್ಲದೆ ಅಷ್ಟು ಬೇಗ ಬೀಳುತ್ತಿರಲಿಲ್ಲ. ಮಾಲೀಕರೇ ಬೇಡ ಎಂಬ ಹಟ ನನ್ನದಲ್ಲ. ಆದರೆ ಮಾಲೀಕತ್ವಕ್ಕೆ ಬೇರೆ ರೂಪಗಳಿಲ್ಲವೇ? ಜರ್ಮನಿಯ ಫುಟ್‌ಬಾಲಿನಲ್ಲಿ ಕೆಲವು ಅಪವಾದ ಬಿಟ್ಟರೆ ಕ್ಲಬ್ಬಿನ ಬಹುಮತದ ಮತ ಸದಸ್ಯರ ಕೈಯಲ್ಲೇ ಇರಬೇಕು ಎಂಬ ನಿಯಮವಿದೆ. ಅಮೆರಿಕದ ಗ್ರೀನ್ ಬೇ ಎಂಬ ಸಣ್ಣ ಊರಿನ ಫುಟ್‌ಬಾಲ್ ತಂಡಕ್ಕೆ ಲಕ್ಷಗಟ್ಟಲೆ ಸಾಮಾನ್ಯರು ಷೇರುದಾರರು. ಅದನ್ನು ಯಾರೂ ಊರಿನಿಂದ ಎತ್ತಿಕೊಂಡು ಹೋಗುವ ಹಾಗಿಲ್ಲ. ನಾವು ಅಷ್ಟು ದೂರ ಹೋಗುವುದೂ ಬೇಡ. ಊರಿನ ಹೆಸರು ಬಳಸುವುದಕ್ಕೆ ಊರಿಗೆ ಬರೆದುಕೊಟ್ಟ ಕರಾರಿರಲಿ. ಲಾಭದ ಒಂದು ಪಾಲು ಮೈದಾನಗಳಿಗೆ ಬರಲಿ. ಬಸವೇಶ್ವರನಗರದ ಹುಡುಗರು ಇವತ್ತು ಆಡಲು ಜಾಗವಿಲ್ಲದೆ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಟರ್ಫ್ ಹಿಡಿಯುತ್ತಾರೆ. ಆಡಳಿತ ಮಂಡಳಿಯಲ್ಲಿ ಟಿಕೆಟ್ ಕೊಳ್ಳುವವನಿಗೆ ಒಂದು ಕುರ್ಚಿ ಇರಲಿ. ಲಕ್ಷಾಂತರ ಜನರನ್ನು ಬೀದಿಗೆ ಕರೆಯುವ ಮೊದಲು ‘ಗೇಟು ಯಾವಾಗ ತೆಗೀತೀರಿ?’ ಎಂದು ಕೇಳುವ ಒಬ್ಬನಾದರೂ ಒಳಗಿರಲಿ.

ನವೆಂಬರಿನಲ್ಲಿ ಸುದ್ದಿ ಬಂತು: ಮಾಲೀಕ ಕಂಪನಿ ಈ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿದೆಯಂತೆ, ಷೇರುಪೇಟೆಗೆ ಪತ್ರ ಬರೆದಿದೆಯಂತೆ. ಕಪ್ ಗೆದ್ದು ಐದು ತಿಂಗಳು. ಷೇರುಪೇಟೆಗೆ ಪತ್ರ ಬಂತು, ನಮಗೆ ಬರಲಿಲ್ಲ. ಆ ವಾರ ರಾಜಾಜಿನಗರಕ್ಕೆ ಹೋದಾಗ ದೊಡ್ಡಪ್ಪನಿಗೆ ಹೇಳಿದೆ, "ತಂಡ ಮಾರ್ತಾರಂತೆ ದೊಡ್ಡಪ್ಪ."

"ಯಾರ್ನ ಕೇಳಿ?" ಅಂದರು. ನಾನು ಏನೂ ಹೇಳಲಿಲ್ಲ. ಅವರು ಪೇಪರಿನ ಕ್ರೀಡಾಪುಟ ಮಡಿಸಿ ನನ್ನ ಕಡೆ ಹಿಡಿದರು. ಕೆಳಗೆ, ಸಣ್ಣ ಅಕ್ಷರದಲ್ಲಿ, ತಿರುವನಂತಪುರದ ಹತ್ತಿರ ನಡೆದ ರಣಜಿ ಪಂದ್ಯದ ವರದಿ. ಕರುಣ್ ನಾಯರ್ 233, ಸ್ಮರಣ್ ಔಟಾಗದೆ 220.

"ನೋಡಿದ್ಯಾ, ಕೇರಳನ ಇನಿಂಗ್ಸಲ್ಲಿ ಹೊಡೆದ್ವಿ" ಅಂದರು.